ದಾರಿದೀಪನ ಪುಕ್ಕಟೆ ನಕ್ಷೆ

ಊರಿನಲ್ಲಿ ಯಾರಾದರೂ ದಾರಿ ತಪ್ಪಿ ಅಲೆಯುತ್ತಿದ್ದರೆ ಅದರಲ್ಲಿ ದಾರಿದೀಪನ ಕೈವಾಡ ಇದ್ದೇ ಇರುತ್ತದೆ ಎಂಬುದು ನೀರು ಸರಬರಾಜು ಕಚೇರಿಯವರ ದೃಢ ನಂಬಿಕೆ. ದಾರಿದೀಪ ಎಂದರೆ ಕಂಬದ ಮೇಲಿನ ದೀಪವಲ್ಲ. ಅದೇ ಕಚೇರಿಯ ಬಿಲ್ಲು ವಿಭಾಗದಲ್ಲಿ ಕಿಟಕಿ ಪಕ್ಕ ಕೂರುವ, ಐವತ್ತು ದಾಟಿದ, ಕೂದಲಿಗಿಂತ ಮಾತು ಹೆಚ್ಚು ಉಳಿಸಿಕೊಂಡ ಗುಮಾಸ್ತ. ಕಿಟಕಿ ರಸ್ತೆಯ ಕಡೆಗೆ ತೆರೆದದ್ದೇ ಎಲ್ಲ ಅನಾಹುತಕ್ಕೂ ಮೂಲ. ಹೋಗಿಬರುವವರು ತಲೆ ಹಾಕಿ ವಿಳಾಸ ಕೇಳುತ್ತಿದ್ದರು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಅವನು ಮಾತ್ರ ಎದ್ದು ನಿಂತು, ಕೈ ಹೊರಗೆ ಚಾಚಿ, ಆಸ್ಪತ್ರೆ ಕೇಳಿದವರನ್ನು ಟಾಕೀಸಿಗೂ, ಟಾಕೀಸು ಕೇಳಿದವರನ್ನು ಕೋರ್ಟಿಗೂ, ಕೋರ್ಟು ಕೇಳಿದವರನ್ನು ಸೌದೆ ಡಿಪೋಗೂ ಕಳಿಸಿ, "ಪಾಪ, ಊರಿಗೆ ಹೊಸಬರು" ಎಂದು ಮರುಗಿ ಮತ್ತೆ ಬಿಲ್ಲಿನ ಮೇಲೆ ಬಗ್ಗುತ್ತಿದ್ದ. ಸ್ವಂತ ಮದುವೆಯ ದಿನ ಡ್ರೈವರ್ ಪಕ್ಕ ಕೂತು ತಾನೇ ದಾರಿ ತೋರಿಸಿ, ಗಂಡಿನ ಕಡೆಯ ಬಸ್ಸನ್ನು ಇನ್ಯಾರದೋ ಮದುವೆಯ ಮುಂದೆ ನಿಲ್ಲಿಸಿದ ಕೀರ್ತಿಯೂ ಅವನದೇ. ಎಲ್ಲರೂ ತಿಂಡಿ ತಿಂದು ಕೈ ತೊಳೆದ ಮೇಲೆ ಹೆಣ್ಣು ಬೇರೆ ಎಂದು ಗೊತ್ತಾಯಿತು.

ಇಂಥವನ ಕೈಗೆ ಇಡೀ ಭೂಮಂಡಲದ ನಕ್ಷೆ ಸಿಕ್ಕಿತು.

ಸಿಕ್ಕಿದ್ದು ಕಚೇರಿಯಲ್ಲಿ ನಡೆದ ಒಂದು ತರಬೇತಿಯಲ್ಲಿ. ತರಬೇತಿ ಕೊಡಲು ಬಂದ ಮೇಡಂ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ವಿವರಿಸಿದರು. "ಉಪಗ್ರಹ ತೆಗೆದ ಚಿತ್ರಗಳಿವೆ. ಕಾಡೆಷ್ಟು, ಕೆರೆಯೆಷ್ಟು, ನೆಲ ಎಲ್ಲಿ ಎತ್ತರ, ಎಲ್ಲಿ ತಗ್ಗು, ಎಲ್ಲ ಮಾಹಿತಿ ಇದೆ. ಹಳೇ ಕಾಲದ ನಕ್ಷೆಗಳನ್ನೂ ಹಾಕಿದ್ದಾರೆ. ಒಂದರ ಮೇಲೊಂದು ಪದರ ಹಾಸಿ ನೋಡಬಹುದು. ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದು, ಪುಕ್ಕಟೆ." ಊಟದ ನಂತರದ ಹೊತ್ತು. ಮಿಕ್ಕವರೆಲ್ಲ ಮೊದಲ ವಾಕ್ಯಕ್ಕೇ ನಿದ್ದೆಗೆ ಜಾರಿದ್ದರು. ದಾರಿದೀಪ ಕೊನೆಯ ಪದಕ್ಕೆ ಎಚ್ಚರಗೊಂಡ.

ಅಂದಿನಿಂದ ಮನೆಯ ಹಳೇ ಕಂಪ್ಯೂಟರಿಗೆ ಉಸಿರಾಡಲು ಬಿಡುವಿಲ್ಲದಂತಾಯಿತು. ಪುಕ್ಕಟೆ ಎಂದ ಮೇಲೆ ಬೇಕು ಬೇಡ ನೋಡುವುದೇನು? ಉತ್ತರ ಧ್ರುವದ ಮಂಜು, ಮರಳುಗಾಡಿನ ಗಾಳಿ, ಎಂದೂ ಕೇಳದ ದ್ವೀಪಗಳ ಹುಲ್ಲುಗಾವಲು, ಎಲ್ಲ ಬಂದು ಬಿದ್ದವು. ಒಂದು ದಿನ ಸಮುದ್ರಗಳ ಉಪ್ಪಿನಂಶ ಇಳಿಯುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ಕೇಳಿದಳು, "ಏನ್ರೀ ಅದು ಇಷ್ಟು ಹೊತ್ತು?"

"ಉಪ್ಪು ಕಣೇ. ಜಗತ್ತಿನದ್ದು."

"ಮನೇದು ಮುಗಿದು ಎರಡು ದಿನ ಆಯ್ತು. ಅದನ್ನೂ ಹಾಗೇ ಸ್ವಲ್ಪ ಇಳಿಸಿ."

ಇಂಥ ಕುಹಕಗಳಿಗೆ ಅವನು ಜಗ್ಗುವವನಲ್ಲ. ಪಕ್ಕದ ಮನೆಯಾಕೆಯನ್ನು ಕರೆದು, "ಸಮುದ್ರ ಮಟ್ಟದ ಲೆಕ್ಕದಲ್ಲಿ ನೀವು ನಮಗಿಂತ ಒಂದು ಮೀಟರ್ ಕೆಳಗಿದ್ದೀರಿ ನೋಡಿ" ಎಂದು ಸಂತೋಷದಿಂದ ತಿಳಿಸಿದ. ಆಕೆ ಇವನ ಮನೆಯವರ ಜೊತೆ ಬಹಳ ದಿನ ಮಾತು ಬಿಟ್ಟಳು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತ ಅವನ ಹಿಂದೆ ಬಂದು ಕೂತಳು. ಸಾಮಾನ್ಯವಾಗಿ ಕಂಪ್ಯೂಟರಿನ ಕೋಣೆಗೆ ಅವಳು ಬರುವುದು ಬೈಯುವುದಕ್ಕೆ. ಅಂದು ಬೈಯಲಿಲ್ಲ.

"ಹಳೇ ನಕ್ಷೆ ಇದೆ ಅಂದ್ರಲ್ಲ. ಅದರಲ್ಲಿ ನಮ್ಮೂರಿನ ಹಳ್ಳ ಕಾಣುತ್ತಾ?"

"ಯಾವ ಹಳ್ಳ?"

"ಇಟ್ಟಿಗೆ ಗೂಡಿನ ಹತ್ತಿರ ಇತ್ತಲ್ಲ, ಅದು."

ದಾರಿದೀಪನ ಕೈ ನಿಂತಿತು. ಇಲ್ಲಿ ನಗುವುದಕ್ಕೇನೂ ಇಲ್ಲ, ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ವಾರ ತುಂಬುವ ಮೊದಲೇ ಹೋಯಿತು. ತಾಯಿಗೆ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರ. ಹಿರಿಯರು ಮುಂದೆ, ಮಗುವನ್ನು ಎತ್ತಿಕೊಂಡು ಅವನು ಹಿಂದೆ, ಊರಾಚೆಯ ಹಳ್ಳದ ದಡಕ್ಕೆ ಹೋಗಿ ಮಣ್ಣು ಮಾಡಿ ಬಂದರು. "ಇನ್ನು ಈ ಮಾತು ಎತ್ತಬೇಡಿ, ಎತ್ತಿದಷ್ಟೂ ಸಂಕಟ" ಎಂದರು ಹಿರಿಯರು. ಇಬ್ಬರೂ ಮಾತು ಮೀರುವವರಲ್ಲ, ಎತ್ತಲಿಲ್ಲ. ಆ ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟುವ ಸಂದರ್ಭ ಬರಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೋದರು. ಊರು ಬೆಳೆದು ಇಟ್ಟಿಗೆ ಗೂಡನ್ನು ನುಂಗಿತು, ಹಳ್ಳವನ್ನು ಚರಂಡಿ ಮಾಡಿ ಮೇಲೆ ಚಪ್ಪಡಿ ಎಳೆಯಿತು. ತಾಯಿ ಆ ಜಾಗವನ್ನು ಒಂದು ಸಲವೂ ಕಂಡಿರಲಿಲ್ಲ.

"ಒಂದೇ ಒಂದು ಸಲ ಅಲ್ಲಿ ಹೋಗಿ ಕೂತ್ಕೋಬೇಕು ನಾನು. ಇನ್ನೇನೂ ಬೇಡ" ಎಂದಳು ಅವಳು, ಹುರುಳಿಕಾಯಿಯನ್ನೇ ನೋಡುತ್ತ.

ಅವನಿಗೆ ಆ ಜಾಗ ನೆನಪಿರಲಿಲ್ಲ. ಇಟ್ಟಿಗೆ ಗೂಡು ದಾಟಿದ್ದು, ಹಳ್ಳ ಒಂದು ಕಡೆ ತಿರುಗಿದ್ದು, ಅಲ್ಲೊಂದು ಚಪ್ಪಟೆ ಬಂಡೆ ಇದ್ದದ್ದು ಬಿಟ್ಟರೆ ಮಿಕ್ಕದ್ದೆಲ್ಲ ಮಸುಕು. ಅದನ್ನು ಅಂದೇ ಹೇಳಿಬಿಡಬಹುದಿತ್ತು. ಆದರೆ ಅಪರಿಚಿತರಿಗೇ ಇಲ್ಲ ಎನ್ನದವನು ಹೆಂಡತಿಗೆ ಅಂದಾನೆಯೇ?

"ಅದೇನು ಮಹಾ! ಬೆರಳಿಟ್ಟು ತೋರಿಸ್ತೀನಿ, ಸುಮ್ನಿರು" ಎಂದ.

ಅವನ ಜೀವಮಾನದಲ್ಲಿ ಅವನು ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಹಳೆಯ ನಕ್ಷೆ ಹುಡುಕಿ ಇಳಿಸಿದ. ಹಳ್ಳ ತೆಳ್ಳಗಿನ ನೀಲಿ ಗೆರೆಯಾಗಿ ಸಿಕ್ಕಿತು, ಇಟ್ಟಿಗೆ ಗೂಡು ಒಂದು ಚೂರು ಗುರುತಾಗಿ ಸಿಕ್ಕಿತು. ಉಪಗ್ರಹದ ಹಳೆಯ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ ಒಂದೊಂದು ಹೊಲದಷ್ಟು ದೊಡ್ಡದು. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಹಳ್ಳದ ತಿರುವಿನಲ್ಲಿ ಒಂದು ಕೆಂಪು ಚುಕ್ಕೆ ಇಟ್ಟ. ಈಗ ಹಳೆಯ ನಕ್ಷೆಯನ್ನು ಹೊಸ ಊರಿನ ಮೇಲೆ ಹಾಸಬೇಕು. ಯಂತ್ರ ಒಂದು ಪ್ರಶ್ನೆ ಹಾಕಿತು. ಈ ಹಳೆಯ ನಕ್ಷೆ ಭೂಮಿಯನ್ನು ಯಾವ ಅಳತೆಯಲ್ಲಿ ಅಳೆದದ್ದು? ಕೆಳಗೆ ಉತ್ತರಗಳ ಒಂದು ಉದ್ದ ಸಾಲು. ದಾರಿದೀಪ ಈವರೆಗೆ ಯಂತ್ರ ಕೇಳಿದ್ದಕ್ಕೆಲ್ಲ "ಸರಿ" ಎಂಬುದನ್ನೇ ಒತ್ತಿ ಸುಖವಾಗಿದ್ದವನು. ಇದಕ್ಕೂ ಒತ್ತಿದ. ಯಂತ್ರಕ್ಕೆ ಸ್ವಲ್ಪ ಮನುಷ್ಯತ್ವ ಇದ್ದಿದ್ದರೆ ಇನ್ನೊಮ್ಮೆ ಕೇಳುತ್ತಿತ್ತು. ಕೇಳಲಿಲ್ಲ. ಹಳೆಯ ನಕ್ಷೆ ಹೊಸ ಊರಿನ ಮೇಲೆ ಹಾಯಾಗಿ ಮಲಗಿತು, ಕೆಂಪು ಚುಕ್ಕೆ ಹೋಗಿ ಒಂದು ಹಾಸಿಗೆ ಅಂಗಡಿಯ ಮೇಲೆ ಕೂತಿತು.

ಮರುದಿನ ಮಧ್ಯಾಹ್ನವೇ ಕಚೇರಿಯಿಂದ ನೇರ ಅಲ್ಲಿಗೇ ಹೋದ. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡುತ್ತಲೇ ಇತ್ತು. ಅಂಗಡಿಯ ಮಾಲೀಕ ತನ್ನ ಸರಕಿನ ಗುಣಮಟ್ಟವನ್ನು ತಾನೇ ಪರೀಕ್ಷಿಸುತ್ತ ಗೊರಕೆ ಹೊಡೆಯುತ್ತಿದ್ದ. ದಾರಿದೀಪ ಫೋನನ್ನು ಮುಂದೆ ಹಿಡಿದು ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟು, ಒಂದು ಮಂಚದ ಮುಂದೆ ನಿಂತ.

"ಈ ಮಂಚ ಸ್ವಲ್ಪ ಸರಿಸ್ತೀರಾ?"

ಮಾಲೀಕ ಎದ್ದ. "ಇದು ಡಬಲ್ ಸಾರ್. ಸಿಂಗಲ್ ಆ ಕಡೆ ಇದೆ."

"ಮಂಚ ಬೇಡ. ಅದರ ಕೆಳಗಿನ ನೆಲ ನೋಡಬೇಕು."

ಮಾಲೀಕನ ಕಣ್ಣು ಗುರುತಿನ ಚೀಟಿಯ ಮೇಲೆ ಬಿತ್ತು. ನೀರು ಸರಬರಾಜು! ಮುಖದ ನಿದ್ದೆಯೆಲ್ಲ ಇಳಿದುಹೋಯಿತು. "ಕೆಳಗೇನಿದೆ ಸಾರ್?"

ದಾರಿದೀಪ ಹೇಳಲು ಬಾಯಿ ತೆರೆದ. ಇಷ್ಟು ವರ್ಷ ಹೆಂಡತಿಯ ಮುಂದೆ ಆಡದ ಮಾತು ಹಾಸಿಗೆ ಮಾರುವವನ ಮುಂದೆ ಹೊರಡುತ್ತದೆಯೇ? "ನಮ್ಮದು ಇದೆ" ಎಂದಷ್ಟೇ ಹೇಳಿದ. "ಬಹಳ ಹಳೇದು."

"ತುಂಬಾ ಆಳದಲ್ಲಿದೆಯಾ?"

"ಸೊಂಟದಷ್ಟು."

"ಸೋರ್ತಿದೆಯಾ ಸಾರ್?"

ದಾರಿದೀಪನ ಕಿವಿಗೆ ಪ್ರಶ್ನೆ ಬೀಳಲೇ ಇಲ್ಲ. ಸುಮ್ಮನೆ ತಲೆಯಾಡಿಸಿ, ಕಣ್ಣೊರೆಸಿಕೊಂಡು, ಮಂಚಕ್ಕೊಮ್ಮೆ ಕೈ ಮುಗಿದು ಹೊರಟುಹೋದ. ಸರ್ಕಾರಿ ನೌಕರನೇ ಅಳಬೇಕಾದರೆ ಪೈಪು ಸಣ್ಣದಲ್ಲ ಎಂದು ಮಾಲೀಕನಿಗೆ ಖಾತ್ರಿಯಾಯಿತು.

ಸಂಜೆಯಾಗುವುದರೊಳಗೆ ಪೈಪು ಬೆಳೆಯಿತು. ಪಕ್ಕದ ಔಷಧಿ ಅಂಗಡಿಯವನ ಬಾಯಲ್ಲಿ ಅದು ಆಳೆತ್ತರದ್ದಾಯಿತು. ಅದರಾಚೆಯ ಫೋಟೋ ಸ್ಟುಡಿಯೋದಲ್ಲಿ ಅದರೊಳಗೆ ಲಾರಿ ಓಡಾಡಬಹುದಾಗಿತ್ತು. "ನನ್ನ ಗೋಡೆ ಬಿರುಕು ಬಿಟ್ಟಾಗಲೇ ಅಂದ್ಕೊಂಡೆ" ಎಂದ ಔಷಧಿ ಅಂಗಡಿಯವ. ಆ ಬಿರುಕು ಕಟ್ಟಿದ ದಿನದಿಂದಲೂ ಇತ್ತು. "ಒಡೆದ್ರೆ ಬೀದಿಗೆ ಬೀದಿಯೇ ಕೂತ್ಕೊಳ್ಳುತ್ತೆ" ಎಂದು ಎಲ್ಲರೂ ಸೇರಿ ನೀರು ಸರಬರಾಜು ಕಚೇರಿಗೆ ಫೋನಿನ ಮೇಲೆ ಫೋನು ಮಾಡಿದರು.

ಇಂಜಿನಿಯರ್ ಸಾಹೇಬರು ಇರುವ ನಕ್ಷೆಗಳನ್ನೆಲ್ಲ ಹರವಿ ನೋಡಿದರು. ಅಲ್ಲಿ ಪೈಪೇ ಇಲ್ಲ. ಇಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ತಮ್ಮದೇ ಕಚೇರಿಯವನು ಹೋಗಿ ಇದೆ ಎಂದು ಕಣ್ಣೀರು ಹಾಕಿ ಬಂದಿದ್ದಾನೆ. ಇಲ್ಲ ಎಂದು ಸಹಿ ಹಾಕಿದ ಮೇಲೆ ಇದ್ದುಬಿಟ್ಟರೆ? ಅವನನ್ನೇ ಕರೆದು ಕೇಳೋಣವೆಂದರೆ ಅವನು ರಜೆ ಬರೆದುಕೊಟ್ಟು ಹೋಗಿದ್ದ. ಸಾಹೇಬರು ಹಣೆ ಒರೆಸಿಕೊಂಡು, "ಬೆಳಿಗ್ಗೆ ಅಗೆಸಿಬಿಡಿ" ಎಂದರು.

ದಾರಿದೀಪ ರಜೆ ಹಾಕಿದ್ದು ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು. ಬೆಳಿಗ್ಗೆ ಅವಳು ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದು ಉಟ್ಟಳು. ಏರು ರಸ್ತೆಯಲ್ಲಿ ಅವಳು ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡಳು, ಅವನು ನಿಂತು ಕಾದ. ತಿರುವು ದಾಟಿದರೆ ಜಾತ್ರೆಯಷ್ಟು ಜನ. ಹಾಸಿಗೆಗಳೆಲ್ಲ ರಸ್ತೆಯ ಮೇಲೆ ರಾಶಿ ಬಿದ್ದಿವೆ, ಅವುಗಳ ಪಕ್ಕದಲ್ಲಿ ಮಾಲೀಕ ತಲೆಗೆ ಕೈ ಹೊತ್ತು ಕೂತಿದ್ದಾನೆ. ಜನರನ್ನು ಹಿಂದಕ್ಕೆ ತಳ್ಳಲು ಒಬ್ಬ ಪೊಲೀಸು ಬಂದಿದ್ದಾನೆ. ಅಂಗಡಿಯೊಳಗೆ ಕೂಲಿಯವರು ಗುದ್ದಲಿ ಎತ್ತಿದ್ದಾರೆ.

"ಅಗೀಬೇಡಿ!" ಎಂದು ದಾರಿದೀಪ ಚೀರಿದ. ಜನರನ್ನು ಸೀಳಿಕೊಂಡು ಒಳಗೆ ನುಗ್ಗಿ, ಎತ್ತಿದ ಗುದ್ದಲಿಯ ಕೆಳಗೇ ಹೋಗಿ ನಿಂತ. "ಅಗೀಬೇಡ್ರಪ್ಪ, ದಮ್ಮಯ್ಯ!"

"ನೀವೇ ಅಲ್ವೇನ್ರೀ ಪೈಪು ಇದೆ ಅಂದಿದ್ದು?" ಎಂದು ಇಂಜಿನಿಯರ್ ಸಾಹೇಬರು ಕೂಗಿದರು.

"ಯಾವ ಪೈಪು?"

"ಯಾವ ಪೈಪು ಅಂತ ನನ್ನ ಕೇಳ್ತೀರಲ್ರೀ! ಕೆಳಗೆ ಇರೋದು ಮತ್ತೇನು?"

"ನನ್ನ ಮಗಳು."

ಎತ್ತಿದ ಗುದ್ದಲಿ ಎತ್ತಿದಲ್ಲೇ ನಿಂತಿತು. ಆಮೇಲೆ ಔಷಧಿ ಅಂಗಡಿಯವ "ಅಯ್ಯೋ, ಕೊಲೆ!" ಎಂದ. ಅಷ್ಟು ಸಾಕಾಯಿತು. "ನಾನು ಈ ಅಂಗಡಿ ಬಾಡಿಗೆ ಹಿಡಿದಿದ್ದೇ ಮೊನ್ನೆ ಮೊನ್ನೆ ಸಾರ್! ನನಗೇನೂ ಗೊತ್ತಿಲ್ಲ ಸಾರ್!" ಎಂದು ಮಾಲೀಕ ಪೊಲೀಸನ ಕೈ ಹಿಡಿದುಕೊಂಡ. ಪೊಲೀಸನಾದರೋ ಇಷ್ಟು ವರ್ಷ ಸೈಕಲ್ ಕಳ್ಳರನ್ನು ಬಿಟ್ಟು ಬೇರೆ ಕಂಡವನಲ್ಲ. ಕೊಲೆ ಕೇಸು ತಾನಾಗಿ ನಡೆದು ಬಂದಿದೆ. "ಹೆಣದ ಮೇಲೆ ಹಾಸಿಗೆ ಹಾಕಿ ವ್ಯಾಪಾರ ಮಾಡ್ತಿದ್ಯೇನೋ?" ಎಂದು ಮಾಲೀಕನನ್ನು ಗದರಿಸಿ, ದಾರಿದೀಪನ ಕಡೆ ತಿರುಗಿದ.

"ಮಗಳ ವಯಸ್ಸೆಷ್ಟು?"

ದಾರಿದೀಪ ಹೆಂಡತಿಯ ಕಡೆ ನೋಡಿದ. "ಇದ್ದಿದ್ರೆ ಈಗ ಮೂವತ್ತು."

"ಈಗಿಂದಲ್ಲ. ಹೋದಾಗ ಎಷ್ಟು?"

"ವಾರ ತುಂಬಿರ್ಲಿಲ್ಲ."

ಪೊಲೀಸ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಆಮೇಲೆ ಯಾರೂ ಏನೂ ಕೇಳಲಿಲ್ಲ. ದಾರಿದೀಪನೇ ಹೇಳಿದ. ನಿಲ್ಲಿಸೆಂದರೂ ನಿಲ್ಲಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮಗು ಹುಟ್ಟಿದ್ದು, ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದದ್ದು, ಒಂದು ಬೆಳಿಗ್ಗೆ ಹಿಡಿಯದೆ ಹೋದದ್ದು, ಹಳ್ಳ, ಬಂಡೆ, ಪುಕ್ಕಟೆ ಸಿಕ್ಕ ನಕ್ಷೆ, ಎಲ್ಲವನ್ನೂ ಅಷ್ಟು ಜನರ ಮುಂದೆ ಮೂಗು ಒರೆಸಿಕೊಳ್ಳುತ್ತ ಹೇಳಿದ. ಕೂಲಿಯವರು ಗುದ್ದಲಿಗಳನ್ನು ಸದ್ದಾಗದಂತೆ ಕೆಳಗಿಟ್ಟರು. ಇಂಜಿನಿಯರ್ ಸಾಹೇಬರು ಇಲ್ಲದ ಪೈಪಿನ ನಕ್ಷೆಯನ್ನು ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಏನೋ ಹೇಳಲು ಹೊರಟವಳ ಹಾಗೆ ಬಾಯಿ ಅರೆ ತೆರೆದಿತ್ತು. ಮಾಲೀಕ ರಸ್ತೆಯ ರಾಶಿಯಿಂದ ಅಂಗಡಿಯ ಅತಿ ಒಳ್ಳೆಯ ಹಾಸಿಗೆಯನ್ನು ಎಳೆದು ತಂದು, ಆ ಜಾಗದಲ್ಲಿ ಹಾಸಿ, ಅಂಗೈಯಿಂದ ಸವರಿದ. "ಕೂತ್ಕೊಳ್ಳಿ ಅಮ್ಮ" ಎಂದ. ಅವಳು ಕೂತಳು. ಕೂಲಿಯ ಹೆಂಗಸೊಬ್ಬಳು ಕೈಯ ಮಣ್ಣು ಒರೆಸಿಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ನಂದೂ ಒಂದು ಹೋಯ್ತಮ್ಮ, ಗಂಡು ಮಗು" ಎಂದಳು. ಇಬ್ಬರೂ ಅತ್ತರು.

ಅಲ್ಲಿಂದಾಚೆ ಹೆಂಡತಿ ವಾರಕ್ಕೊಮ್ಮೆ ಹೋಗಿ ಕೂತು ಬರುವಳು. ಮಾಲೀಕ ಆ ಮೂಲೆಯಲ್ಲಿ ಮಂಚ ಹಾಕುವುದನ್ನೇ ಬಿಟ್ಟ. ಗಿರಾಕಿಗಳು ಗಟ್ಟಿಯಾಗಿ ಚೌಕಾಸಿ ಮಾಡಿದರೆ, "ಸ್ವಲ್ಪ ಮೆತ್ತಗೆ, ಆ ಕಡೆ ಮಗು ಮಲಗಿದೆ" ಎನ್ನುತ್ತಿದ್ದ. ಅವರು ಪಿಸುಮಾತಿನಲ್ಲಿ ಚೌಕಾಸಿ ಮುಂದುವರಿಸುತ್ತಿದ್ದರು. ಪಿಸುಮಾತಿನ ಚೌಕಾಸಿ ಅಷ್ಟು ಬಿಗಿ ಇರುವುದಿಲ್ಲವಾದ್ದರಿಂದ ವ್ಯಾಪಾರವೂ ಸುಧಾರಿಸಿತು. ದಾರಿದೀಪನ ಬೆಲೆಯೂ ಏರಿತು. ಬಾವಿ ಕಳೆದುಕೊಂಡವರು, ಅಣ್ಣತಮ್ಮಂದಿರ ಬೇಲಿ ಜಗಳದವರು ಕಿಟಕಿಗೆ ಮುತ್ತಿದರು. ಅವನು ಯಾರನ್ನೂ ನಿರಾಶೆಗೊಳಿಸಲಿಲ್ಲ. ಕಚೇರಿಯವರು ಇದನ್ನೆಲ್ಲ ಕಂಡು ಹಿಗ್ಗಿ, ತರಬೇತಿಯ ಮೇಡಂ ಅವರನ್ನು ಮತ್ತೆ ಕರೆಸಿ, "ನಿಮ್ಮ ಶಿಷ್ಯನ ಸಾಧನೆ ನೋಡಿ" ಎಂದರು.

ಮೇಡಂ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಸುತ್ತ ನಿಂತವರು ಹೋಗುವವರೆಗೂ ಕಾದು, ಆಮೇಲೆ ಮೆಲ್ಲಗೆ ಕೇಳಿದರು. "ಸಾರ್, ಇದು ಯಾವ ಅಳತೆ ಅಂತ ಕೇಳಿತ್ತಲ್ಲ, ಆಗ ಏನು ಒತ್ತಿದ್ರಿ?"

"ಸರಿ ಅಂತ ಒತ್ತಿದೆ."

"ಹಳೇ ನಕ್ಷೆಯವರು ಅಳೆದ ರೀತಿ ಬೇರೆ, ಈಗಿನ ರೀತಿ ಬೇರೆ ಸಾರ್. ಅದನ್ನ ಹೇಳದೇ ಇದ್ರೆ ಇಡೀ ನಕ್ಷೆ ಪಕ್ಕಕ್ಕೆ ಸರಿದು ಕೂರುತ್ತೆ."

ಅವರು ಸರಿಯಾದ ಉತ್ತರ ಆರಿಸಿದರು. ಹಳೆಯ ನಕ್ಷೆ ಒಂಚೂರು ಜರುಗಿತು. ಪರದೆಯ ಮೇಲೆ ಒಂಚೂರು, ಊರಿನಲ್ಲಿ ಹಲವು ಬೀದಿ. ಕೆಂಪು ಚುಕ್ಕೆ ಹಾಸಿಗೆ ಅಂಗಡಿ ಬಿಟ್ಟು, ದಿಬ್ಬ ಇಳಿದು, ಶಾಲೆ ದಾಟಿ, ಹೆದ್ದಾರಿಗಳು ಕೂಡುವ ದೊಡ್ಡ ವೃತ್ತದ ನಡುವೆ ಹೋಗಿ ನಿಂತಿತು.

ದಾರಿದೀಪ ಅಲ್ಲಿಗೆ ನಡೆದುಕೊಂಡು ಹೋದ. ಲಾರಿಗಳು ಒಂದರ ಹಿಂದೊಂದು ಸುತ್ತು ಹಾಕುತ್ತಿದ್ದವು. ರಸ್ತೆಗೆ ಕಾಲಿಡಲು ನೋಡಿದ, ಲಾರಿಯವರು ಹಾರ್ನ್ ಬಡಿದು ಹಿಂದಕ್ಕೆ ಅಟ್ಟಿದರು. ಮತ್ತೆ ನೋಡಿದ, ಸಂಚಾರಿ ಪೊಲೀಸ್ ಸೀಟಿ ಊದಿದ. ಮಗಳ ಹತ್ತಿರ ಒಂದು ಗಳಿಗೆ ನಿಲ್ಲಲೂ ಆಗಲಿಲ್ಲ ಅವನಿಗೆ. ಅಲ್ಲಿಂದ ಏರು ಹತ್ತಿ ಹಾಸಿಗೆ ಅಂಗಡಿಗೆ ಬಂದ. ಹೆಂಡತಿ ತನ್ನ ಮೂಲೆಯಲ್ಲಿ ಕೂತಿದ್ದಳು. ಮಾಲೀಕ ಅವನ ಮುಖ ನೋಡಿ, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದ.

"ನಾನು ತಪ್ಪು ಜಾಗ ತೋರಿಸ್ಬಿಟ್ಟೆ ಕಣೇ."

"ಗೊತ್ತು."

ಅವನು ಅವಳೆದುರು ಕೂತ. "ಏನು ಗೊತ್ತು ನಿಂಗೆ?"

"ಹಳ್ಳ ಎಲ್ಲಾದ್ರೂ ದಿಬ್ಬದ ಮೇಲೆ ಹರಿಯುತ್ತೇನ್ರೀ? ಅವತ್ತು ಈ ಏರು ಹತ್ತೋ ಹೊತ್ತಿಗೆ ನಂಗೆ ಏದುಸಿರು ಬಂದಿತ್ತು. ಆಗಲೇ ಗೊತ್ತಾಯ್ತು."

"ಮತ್ತೆ ಬಾಯಿ ಬಿಡಬಾರದಿತ್ತಾ?"

"ಹೇಳೋಣ ಅಂತಲೇ ಬಾಗಿಲಿಗೆ ಬಂದೆ. ಅಷ್ಟರಲ್ಲಿ ನೀವು ಅಷ್ಟು ಜನರ ಮುಂದೆ ನನ್ನ ಮಗಳು ಅಂದ್ರಿ." ಅವಳು ಕೂತ ಜಾಗವನ್ನು ಅಂಗೈಯಿಂದ ಸವರಿದಳು. "ಇಷ್ಟು ವರ್ಷದಲ್ಲಿ ಒಂದು ಸಲ ಅಂದಿರಲಿಲ್ಲ ನೀವು. ಆ ಮಗು ನನ್ನೊಬ್ಬಳಿಗೇ ಹುಟ್ಟಿತ್ತೇನೋ ಅಂದ್ಕೊಂಡಿದ್ದೆ ನಾನು."

"ಸರಿಯಾದ ಜಾಗ ದೊಡ್ಡ ವೃತ್ತದಲ್ಲಿದೆ" ಎಂದ.

"ಕೂರೋಕಾಗುತ್ತಾ ಅಲ್ಲಿ?"

"ನಿಲ್ಲೋಕೂ ಬಿಡಲ್ಲ."

ಅವಳು ಮುಖ ಮುಚ್ಚಿಕೊಂಡಳು. ಒಂದೇ ಒಂದು ಸಲ ಕೂತು ಬರಬೇಕೆಂದಿದ್ದ ಜಾಗ ಇನ್ನು ಅವಳಿಗೆ ಸಿಗುವುದಿಲ್ಲ. ತುಂಬ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಕೇಳಿದಳು. "ಎತ್ಕೊಂಡು ಹೋದವರು ನೀವಲ್ವಾ? ದಾರಿ ಹೇಗಿತ್ತು, ಅದನ್ನಾದ್ರೂ ಹೇಳಿ. ಮರ ಗಿಡ ಇತ್ತಾ?"

"ದಾರಿ ನಾನು ನೋಡ್ಲಿಲ್ಲ ಕಣೇ" ಎಂದ ಅವನು. "ಅವಳ ಕಾಲು ಬಟ್ಟೆಯಿಂದ ಆಚೆ ಬರ್ತಿತ್ತು. ಒಳಗೆ ಸೇರಿಸೋದು, ಮತ್ತೆ ಆಚೆ ಬರೋದು. ಚಳಿ ಆಗುತ್ತೇನೋ ಅಂತ ಮತ್ತೆ ಸೇರಿಸೋದು. ಹಳ್ಳ ಬರೋವರೆಗೂ ಅದೇ ಆಯ್ತು."

ಅವಳು ಅವನ ಹತ್ತಿರಕ್ಕೆ ಸರಿದಳು.

"ಯಾವ ಕಾಲು?"

"ಎಡಗಾಲು."